ಸುಬ್ರಹ್ಮಣ್ಯ ಯಾವ ತಾಲ್ಲೂಕು?

ಅಡಿಕೆ ಕೊಯ್ಲಿನ ದಿನಗಳಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಪುತ್ತೂರಿನಿಂದ ಕಾಣಿಯೂರಿನ ಮೇಲೆ ಸುಬ್ರಹ್ಮಣ್ಯಕ್ಕೆ ಸಾಗುವ ಮಾರ್ಗದಲ್ಲಿ ಬಸ್ಸಿಳಿದು, ಇಳಿಜಾರಿನಲ್ಲಿ ಒಂದಷ್ಟು ದೂರ ನಡೆದರೆ ಸಿಗುವ ತೋಟದ ಮನೆ ಅದು. ಅಂಗಳದ ತುಂಬ ಅಡಿಕೆ ಹರವಿತ್ತು. ಸುಳ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕುಳಿತಿದ್ದ. ಕೃಷಿಕರ ಒಂದು ಸಹಕಾರ ಸಂಘಕ್ಕಾಗಿ ಅವನು ವೆಬ್ ಅಪ್ಲಿಕೇಶನ್ ಸಿದ್ಧಪಡಿಸುತ್ತಿದ್ದನಂತೆ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲ್ಲೂಕುಗಳ ಬೆಳೆಗಾರರೂ ಆ ಸಂಘದ ಸದಸ್ಯರು. ತಾವು ತಂದು ಹಾಕಿದ ಅಡಿಕೆಯೆಷ್ಟು, ಬರಬೇಕಾದ ಹಣವೆಷ್ಟು, ತೀರಿಸಬೇಕಾದ ಸಾಲವೆಷ್ಟು ಎಂಬುದನ್ನು ಅವರೆಲ್ಲ ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ನೋಡಿಕೊಳ್ಳಬೇಕೆಂಬುದು ಅವನ ಸಂಕಲ್ಪ.

“ಟೇಬಲ್ ಆಯಿತು ಮಾವ. ಇನ್ನು ಪೇಜು ಮಾಡಿದರೆ ಮುಗಿಯಿತು” ಎಂದು ತೋರಿಸಿದ.

ನೋಡಿದೆ. ಇದ್ದದ್ದು ಒಂದೇ ಕೋಷ್ಟಕ. ಸದಸ್ಯರ ಹೆಸರು, ತಂದೆಯ ಹೆಸರು, ಗ್ರಾಮ, ತಾಲ್ಲೂಕು, ಫೋನು, ದಿನಾಂಕ, ಅಡಿಕೆಯ ತರ, ತೂಕ, ದರ, ಸಾಲ ಎಂದು ಕಲಂಗಳು ಒಂದರ ಪಕ್ಕ ಒಂದು ರೈಲುಬಂಡಿಯಂತೆ ಸಾಲುಗಟ್ಟಿ ನಿಂತಿದ್ದವು. ಒಬ್ಬನು ಹತ್ತು ಸಲ ಅಡಿಕೆ ತಂದಿದ್ದರೆ ಅವನ ಹೆಸರು, ಊರು, ತಾಲ್ಲೂಕು, ಫೋನು ಹತ್ತು ಸಲವೂ ಮೊದಲಿನಿಂದ ಕೊನೆಯವರೆಗೆ ಬರೆಯಲ್ಪಟ್ಟಿದ್ದವು.

“ಸುಬ್ರಹ್ಮಣ್ಯ ಯಾವ ತಾಲ್ಲೂಕು?” ಎಂದು ಕೇಳಿದೆ.

“ಎಂತ ಮಾವ, ಅಷ್ಟೂ ಗೊತ್ತಿಲ್ಲವಾ? ಕಡಬ.”

“ನನಗೆ ಗೊತ್ತುಂಟು. ನಿನ್ನ ಟೇಬಲಿಗೆ ಗೊತ್ತುಂಟೋ ಕೇಳಿ ನೋಡು.”

ಕೇಳಿದ. ಕಡಬ ತಾಲ್ಲೂಕಿನ ಸದಸ್ಯರ ಪಟ್ಟಿ ಬಂತು. ಸುಬ್ರಹ್ಮಣ್ಯದವರಲ್ಲಿ ಹಲವರು ಅದರಲ್ಲಿರಲಿಲ್ಲ. ಸಂಘದ ಹಳೆಯ ಪುಸ್ತಕದಿಂದ ಎತ್ತಿಕೊಂಡ ಸಾಲುಗಳಲ್ಲಿ ‘ಸುಳ್ಯ’ ಎಂದೇ ಇತ್ತು. ಹೊಸ ಪುಸ್ತಕದಿಂದ ಬಂದವುಗಳಲ್ಲಿ ‘ಕಡಬ’ ಎಂದಿತ್ತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ಕಡೆ ‘ಸುಬ್ರಹ್ಮಣ್ಯ’, ಇನ್ನೊಂದು ಕಡೆ ‘ಸುಬ್ರಮಣ್ಯ’, ಮತ್ತೊಂದು ಕಡೆ ಬರಿಯ ‘ಕುಕ್ಕೆ’. ಮನುಷ್ಯನ ಕಣ್ಣಿಗೆ ಈ ಮೂರೂ ಒಂದೇ ಕ್ಷೇತ್ರ. ಗಣಕಯಂತ್ರಕ್ಕೆ ಮೂರು ಬೇರೆ ಬೇರೆ ಊರುಗಳು.

ಹುಡುಗನನ್ನು ಹಳಿಯುವ ಮೊದಲು ನಮ್ಮ ಸೀಮೆಯ ಚರಿತ್ರೆಯನ್ನು ಕೊಂಚ ನೆನೆಯಬೇಕು. ಆಂಗ್ಲರ ಕಾಲದ ದಕ್ಷಿಣ ಕನ್ನಡದಲ್ಲಿ ಈ ಪ್ರದೇಶದ ತಾಲ್ಲೂಕಿಗೆ ಉಪ್ಪಿನಂಗಡಿ ಎಂದು ಹೆಸರು. ಮುಂದೆ ಅದು ಪುತ್ತೂರು ತಾಲ್ಲೂಕಾಯಿತು. ಪುತ್ತೂರಿನಿಂದ ಸುಳ್ಯ ಬೇರೆಯಾಯಿತು. ೨೦೧೧ರ ಜನಗಣತಿಯಲ್ಲಿ ಜಿಲ್ಲೆಗೆ ಐದೇ ತಾಲ್ಲೂಕುಗಳು. ಅವುಗಳಲ್ಲಿ ಕಡಬದ ಹೆಸರಿಲ್ಲ. ೨೦೧೮ರಲ್ಲಿ ಪುತ್ತೂರಿನ ಕೆಲವು ಗ್ರಾಮಗಳೂ ಸುಳ್ಯದ ಕೆಲವು ಗ್ರಾಮಗಳೂ ಸೇರಿ ಕಡಬ ತಾಲ್ಲೂಕಾಯಿತು. ಇನ್ನೂ ಹಿಂದೆ ಹೋದರೆ, ೧೮೩೪ರಲ್ಲಿ ಕೊಡಗು ಆಂಗ್ಲರ ವಶವಾದಾಗ ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯವನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಧಾನ್ಯದ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತನು ಇನ್ನು ಮುಂದೆ ನಗದಿನಲ್ಲಿ ಸಲ್ಲಿಸಬೇಕಾಯಿತು. ೧೮೩೭ರ ಬಂಡಾಯಕ್ಕೆ ಅದೂ ಒಂದು ಕಾರಣ. ಊರು ಎಲ್ಲಿಗೂ ಹೋಗುವುದಿಲ್ಲ. ಕುಮಾರಧಾರೆ ಹರಿಯುವಲ್ಲೇ ಹರಿಯುತ್ತದೆ. ಊರಿನ ಹೆಸರನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯುತ್ತಾರೆಂಬುದು ಮಾತ್ರ ಬದಲಾಗುತ್ತದೆ. ಆ ಬದಲಾವಣೆ ಊರಿನವರ ಬದುಕನ್ನು ತಟ್ಟದೆ ಬಿಡುವುದಿಲ್ಲ.

ಹೀಗಿರುವಾಗ ತಾಲ್ಲೂಕಿನ ಹೆಸರನ್ನು ಸಾವಿರ ಸಾಲುಗಳಲ್ಲಿ ಸಾವಿರ ಸಲ ಬರೆದಿಟ್ಟರೆ, ಸರಕಾರದ ಒಂದು ಆಜ್ಞೆಗೆ ಸಾವಿರ ತಿದ್ದುಪಡಿ ಬೇಕಾಗುತ್ತದೆ. ಒಂದನ್ನು ಮರೆತರೂ ಪುಸ್ತಕ ತನಗೆ ತಾನೇ ವಿರೋಧವಾಗಿ ಸಾಕ್ಷಿ ಹೇಳತೊಡಗುತ್ತದೆ. ಪರಿಹಾರವೇನೋ ಸರಳವೇ. ತಾಲ್ಲೂಕುಗಳಿಗೆ ಒಂದು ಕೋಷ್ಟಕ, ಗ್ರಾಮಗಳಿಗೆ ಇನ್ನೊಂದು, ಸದಸ್ಯರಿಗೆ ಮತ್ತೊಂದು. ಸದಸ್ಯನ ಸಾಲಿನಲ್ಲಿ ಗ್ರಾಮದ ನಂಬ್ರ ಮಾತ್ರ. ಗ್ರಾಮದ ಸಾಲಿನಲ್ಲಿ ತಾಲ್ಲೂಕಿನ ನಂಬ್ರ ಮಾತ್ರ. ಸುಬ್ರಹ್ಮಣ್ಯವೆಂಬ ಹೆಸರು ಇಡೀ ಭಂಡಾರದಲ್ಲಿ ಒಂದೇ ಸಲ ಇರುತ್ತದೆ. ಅದರ ತಾಲ್ಲೂಕು ಬದಲಾದಾಗ ಒಂದೇ ಸಾಲನ್ನು ತಿದ್ದಿದರೆ ಆ ಊರಿನ ಸಮಸ್ತ ಸದಸ್ಯರೂ ಒಮ್ಮೆಗೇ ಹೊಸ ತಾಲ್ಲೂಕಿನವರಾಗುತ್ತಾರೆ.

ಇಂದು ಜಗತ್ತಿನ ಬ್ಯಾಂಕುಗಳೂ ರೈಲ್ವೆಯೂ ನೆಚ್ಚಿಕೊಂಡಿರುವ ಈ ವಿಚಾರವನ್ನು ಶಾಸ್ತ್ರವಾಗಿ ಕಟ್ಟಿದವರು ಎಡ್ಗರ್ ಕಾಡ್ ಎಂಬ ಗಣಿತಜ್ಞರು. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಐ.ಬಿ.ಎಂ. ಕಂಪೆನಿಯ ಸಂಶೋಧನಾಲಯದಲ್ಲಿ ದುಡಿಯುತ್ತಿದ್ದ ಅವರು ೧೯೭೦ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದುವರೆಗೆ ಗಣಕಯಂತ್ರದಲ್ಲಿ ಮಾಹಿತಿಯನ್ನು ಮರದ ಕೊಂಬೆಗಳಂತೆ ಜೋಡಿಸುವ ಪದ್ಧತಿಯಿತ್ತು. ಬೇಕಾದದ್ದನ್ನು ಹುಡುಕಬೇಕಾದರೆ ಯಾವ ಕೊಂಬೆಯಿಂದ ಯಾವ ಕೊಂಬೆಗೆ ಹೋಗಬೇಕೆಂಬ ದಾರಿ ಮೊದಲೇ ತಿಳಿದಿರಬೇಕಿತ್ತು. ಮರದ ಆಕಾರ ಬದಲಾದರೆ ದಾರಿಯೂ ತಪ್ಪುತ್ತಿತ್ತು. ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿಡಿ, ಒಂದು ಕೋಷ್ಟಕದ ಸಾಲಿನಲ್ಲಿ ಇನ್ನೊಂದರ ನಂಬ್ರವನ್ನು ಬರೆಯಿರಿ, ಆ ನಂಬ್ರವೇ ಸಂಬಂಧ ಎಂದು ಕಾಡ್ ತೋರಿಸಿಕೊಟ್ಟರು. ಮುಂದಿನ ಒಂದೆರಡು ವರ್ಷಗಳಲ್ಲಿ ಕೋಷ್ಟಕಗಳನ್ನು ಒಡೆದು ಶುದ್ಧಿಮಾಡುವ ನಿಯಮಗಳನ್ನೂ ಹೇಳಿದರು. ಅದಕ್ಕೆ ನಾರ್ಮಲೈಸೇಶನ್ ಎಂದು ಹೆಸರು. ೧೯೮೧ರಲ್ಲಿ ಅವರಿಗೆ ಗಣಕಶಾಸ್ತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆ ನಿಯಮಗಳ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆನ್ನಬಹುದು: ಒಂದು ಸಂಗತಿಯನ್ನು ಒಂದೇ ಸ್ಥಳದಲ್ಲಿ ಬರೆ, ಸಾಲು ಯಾರದೋ ಅವರ ವಿಷಯವನ್ನು ಮಾತ್ರ ಆ ಸಾಲಿನಲ್ಲಿ ಬರೆ. ಅಡಿಕೆ ತಂದ ಚೀಟಿಯ ಸಾಲಿನಲ್ಲಿ ಊರಿನ ತಾಲ್ಲೂಕಿಗೇನು ಕೆಲಸ?

ಹುಡುಗ ಜಾಣ. ಮಧ್ಯಾಹ್ನದ ಊಟದೊಳಗೆ ಕೋಷ್ಟಕವನ್ನು ಒಡೆದು ನಾಲ್ಕು ಮಾಡಿದ. ಹಳೆಯ ಪುಸ್ತಕದ ಹೆಸರುಗಳನ್ನೆಲ್ಲ ಹೊಸ ಸದಸ್ಯಕೋಷ್ಟಕಕ್ಕೆ ತುಂಬಿದ. ಆದರೆ ಪುಸ್ತಕದಲ್ಲಿದ್ದ ಸದಸ್ಯರ ಸಂಖ್ಯೆಗೂ ಕೋಷ್ಟಕದ ಸಂಖ್ಯೆಗೂ ತಾಳೆ ಬೀಳಲಿಲ್ಲ. ಎಲ್ಲಿ ತಪ್ಪಿತೆಂದು ಅವನಿಗೂ ತಿಳಿಯದು, ನನಗೂ ತಿಳಿಯದು.

“ಇರಲಿ, ಚಿತ್ರ ಬರೆದು ನೋಡೋಣ” ಎಂದೆ. ಗೋಡೆಯ ಮೇಲಿದ್ದ ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹಾಕಿ, ಪೆನ್ಸಿಲು ಹಿಡಿದು ಕುಳಿತೆವು.

ಈ ಚಿತ್ರಕ್ಕೂ ಒಂದು ಕಥೆಯುಂಟು. ೧೯೭೬ರಲ್ಲಿ ತೈವಾನ್ ಮೂಲದ ಪೀಟರ್ ಚೆನ್ ಎಂಬ ವಿದ್ವಾಂಸರು, ಕೋಷ್ಟಕ ಮಾಡುವುದಕ್ಕೂ ಮೊದಲು ಲೋಕದಲ್ಲಿರುವ ವಸ್ತುಗಳನ್ನೂ ಅವುಗಳ ಸಂಬಂಧಗಳನ್ನೂ ಚಿತ್ರವಾಗಿ ಬರೆಯಬೇಕೆಂದು ಸೂಚಿಸಿದರು. ವಸ್ತುವಿಗೆ ಚೌಕ, ಸಂಬಂಧಕ್ಕೆ ವಜ್ರಾಕೃತಿ, ನಡುವೆ ಗೆರೆ. ಗೆರೆಯ ತುದಿಯಲ್ಲಿ ಒಂದೋ ಅನೇಕವೋ ಎಂಬ ಗುರುತು. ‘ಅನೇಕ’ವನ್ನು ತೋರಿಸಲು ಗೆರೆಯ ಕೊನೆಯನ್ನು ಮೂರಾಗಿ ಸೀಳುವ ಪದ್ಧತಿಯೂ ಬಳಕೆಗೆ ಬಂತು, ಅದಕ್ಕೆ ಕಾಗೆಯ ಕಾಲು ಎಂದೇ ಹೆಸರು. ಒಂದು ಗ್ರಾಮಕ್ಕೆ ಅನೇಕ ಸದಸ್ಯರು, ಒಬ್ಬ ಸದಸ್ಯನಿಗೆ ಅನೇಕ ಚೀಟಿಗಳು. ಗ್ರಾಮದಿಂದ ಸದಸ್ಯನಿಗೆ ಹೋಗುವ ಗೆರೆಯ ಸದಸ್ಯನ ತುದಿಗೆ ಕಾಗೆಯ ಕಾಲು; ಸದಸ್ಯನಿಂದ ಚೀಟಿಗೆ ಹೋಗುವ ಗೆರೆಯ ಚೀಟಿಯ ತುದಿಗೆ ಇನ್ನೊಂದು.

ಈ ಚಿತ್ರದ ದೊಡ್ಡ ಗುಣವೆಂದರೆ, ಇದನ್ನು ನೋಡಿ ‘ಹಾಗಲ್ಲ’ ಎನ್ನಲು ಗಣಕವಿದ್ಯೆ ಬರಬೇಕಾದ್ದಿಲ್ಲ. ಅದನ್ನು ನಮ್ಮ ಮನೆಯಲ್ಲೇ ಕಂಡೆ. ಕಾಫಿ ತಂದ ತಂಗಿ ಹಾಳೆಯ ಮೇಲೆ ಬಾಗಿ, “ಇದೆಂತ?” ಎಂದು ಕೇಳಿದಳು. ಮಗ ವಿವರಿಸಿದ: “ಇದು ಸದಸ್ಯ. ಇದು ಫೋನ್ ನಂಬ್ರ. ಒಂದು ಫೋನಿಗೆ ಒಬ್ಬ ಸದಸ್ಯ. ಫೋನ್ ನಂಬ್ರದಿಂದಲೇ ಗುರುತು ಹಿಡಿಯುವುದು.”

“ನಮ್ಮ ಮನೆಯಲ್ಲಿ ಇರುವುದು ಒಂದೇ ಫೋನು. ಅಪ್ಪನೂ ಸದಸ್ಯ, ನಾನೂ ಸದಸ್ಯೆ. ಇದರಲ್ಲಿ ನಾನೆಲ್ಲಿ ಉಂಟು?” ಎಂದಳು ತಂಗಿ.

ಹುಡುಗ ಲ್ಯಾಪ್‌ಟಾಪಿನಲ್ಲಿ ಹುಡುಕಿದ. ಅವಳು ಇರಲಿಲ್ಲ. ಫೋನಿನ ನಂಬ್ರ ಹೊಸದಾದರೆ ಸೇರಿಸು, ಮೊದಲೇ ಇದ್ದರೆ ಆ ಸಾಲನ್ನು ತಿದ್ದು ಎಂದು ಅವನು ಯಂತ್ರಕ್ಕೆ ಹೇಳಿದ್ದ. ಅದರಂತೆ ಯಂತ್ರವು ಮೊದಲು ಅಮ್ಮನನ್ನು ಬರೆದುಕೊಂಡಿತ್ತು. ಆಮೇಲೆ ಅದೇ ಫೋನಿನ ಅಪ್ಪನ ಹೆಸರು ಬಂದಾಗ ಅಮ್ಮನನ್ನು ಅಳಿಸಿ ಅಪ್ಪನನ್ನು ಬರೆದಿತ್ತು. ಅವಳ ಪಾಲುಬಂಡವಾಳ, ಅವಳ ಹೆಸರಿನಲ್ಲಿ ಹಾಕಿದ ಅಡಿಕೆ ಎಲ್ಲವೂ ಗಂಡನ ಲೆಕ್ಕಕ್ಕೆ ಸರಿದುಹೋಗಿದ್ದವು. ಸಿಗ್ನಲು ಸಿಗುವ ಫೋನು ಮನೆಗೊಂದೇ ಇರುವ ಈ ಗುಡ್ಡದ ಊರುಗಳಲ್ಲಿ ಹೀಗೆ ಕಾಣೆಯಾದವರು ಅವಳೊಬ್ಬಳೇ ಅಲ್ಲ. ತಾಳೆ ಬೀಳದ ಸಂಖ್ಯೆಯ ಗುಟ್ಟು ಅದಾಗಿತ್ತು. ಕಾಣೆಯಾದವರ ಹೆಸರುಗಳನ್ನು ಹುಡುಗ ಒಂದೊಂದಾಗಿ ಓದಿದ. ಬಹುಪಾಲು ಹೆಂಗಸರ ಹೆಸರುಗಳೇ. ಓದುತ್ತ ಓದುತ್ತ ಅವನ ದನಿ ಇಳಿಯಿತು.

ಸಾಲನ್ನು ಗುರುತಿಸುವ ನಂಬ್ರಕ್ಕೆ ಪ್ರೈಮರಿ ಕೀ ಎನ್ನುತ್ತಾರೆ. ಅದನ್ನು ಆರಿಸುವುದರಲ್ಲಿ ಕಾಣುವಷ್ಟು ಸರಳತೆಯಿಲ್ಲ. ಹೆಸರಿನಿಂದ ಗುರುತಿಸೋಣವೆಂದರೆ ಒಂದೇ ಹೆಸರಿನವರು ಗ್ರಾಮಕ್ಕೆ ನಾಲ್ವರಿರುತ್ತಾರೆ. ಅದಕ್ಕೇ ನಮ್ಮ ಕಡೆ ಮನೆಯ ಹೆಸರು ಸೇರಿಸಿ ಕರೆಯುವುದು ರೂಢಿ. ಫೋನು ಬದಲಾಗುತ್ತದೆ, ಮನೆಯವರೆಲ್ಲ ಅದನ್ನು ಹಂಚಿಕೊಳ್ಳುತ್ತಾರೆ. ‘ತಂದೆಯ ಹೆಸರು’ ಕಡ್ಡಾಯವೆಂದರೆ, ಅಳಿಯಸಂತಾನ ಕಟ್ಟಿನ ಈ ತುಳುನಾಡಿನ ಹಳೆಯ ಪಾಲುಪತ್ರಗಳಲ್ಲಿ ಆಸ್ತಿಯ ಎಳೆ ತಾಯಿಯಿಂದ ಮಗಳಿಗೆ ಹರಿದಿರುತ್ತದೆ. ಗುರುತಿನ ನಂಬ್ರಕ್ಕೆ ಬೇರೆ ಯಾವ ಅರ್ಥವೂ ಇರಬಾರದು; ಅದು ಎಂದಿಗೂ ಬದಲಾಗಬಾರದು; ಸದಸ್ಯ ತೀರಿಕೊಂಡರೆ ಅವನ ಮಗನಿಗೂ ಅದನ್ನು ಕೊಡಬಾರದು. ಇಷ್ಟು ಹೇಳುವಷ್ಟರಲ್ಲಿ ತಂಗಿ ಒಳಗೆ ಹೋಗಿ ಸಂಘದ ಪಾಸ್‌ಪುಸ್ತಕ ತಂದಳು. ಮೊದಲ ಪುಟದಲ್ಲೇ ಅವಳ ಸದಸ್ಯತ್ವದ ನಂಬ್ರವಿತ್ತು. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರ ಚಳವಳಿಗೆ ಬೀಜ ಬಿತ್ತಿದ ನೆಲವಿದು. ಲೆಕ್ಕದ ಪುಸ್ತಕ ಬರೆದ ಹಿರಿಯರಿಗೆ ಮನುಷ್ಯನನ್ನು ನಂಬ್ರದಿಂದ ಗುರುತಿಸಬೇಕೆಂಬುದು ಗೊತ್ತಿತ್ತು. ಹುಡುಗ ಆ ಕಲಂ ಅನಾವಶ್ಯಕವೆಂದು ಬಿಟ್ಟಿದ್ದ.

ಸಾಲದ ಲೆಕ್ಕಕ್ಕೆ ಬಂದಾಗ ಕಾಗೆಯ ಕಾಲುಗಳು ಇನ್ನಷ್ಟು ತೊಡಕಾದವು. ಬೆಳೆಸಾಲಕ್ಕೆ ಪಹಣಿ ಬೇಕು. ಪಹಣಿ ಎಂದ ಮೇಲೆ ಭೂಮಿಯ ಕೋಷ್ಟಕ ಬೇಕು. ಒಬ್ಬನಿಗೆ ಅನೇಕ ಸರ್ವೆ ನಂಬ್ರಗಳಿರಬಹುದು. ಒಂದು ಸರ್ವೆ ನಂಬ್ರಕ್ಕೆ ಅಣ್ಣ ತಮ್ಮಂದಿರೂ ಅಕ್ಕ ತಂಗಿಯರೂ ಸೇರಿ ಅನೇಕ ಹಕ್ಕುದಾರರಿರಬಹುದು. ಗೆರೆಯ ಎರಡು ತುದಿಗೂ ಕಾಗೆಯ ಕಾಲು. ‘ಮಾಲೀಕ ೧, ಮಾಲೀಕ ೨, ಮಾಲೀಕ ೩’ ಎಂದು ಹುಡುಗ ಮೂರು ಕಲಂ ಹಾಕಹೊರಟ. ನಾಲ್ಕನೆಯ ಮಗಳು ಎಲ್ಲಿ ನಿಲ್ಲಬೇಕು? ಇಂಥಲ್ಲಿ ನಡುವೆ ಮೂರನೆಯ ಕೋಷ್ಟಕವೊಂದನ್ನು ತರಬೇಕು. ಅದರ ಹೆಸರು ‘ಹಕ್ಕು’. ಯಾವ ಭೂಮಿ, ಯಾವ ವ್ಯಕ್ತಿ, ಎಷ್ಟು ಪಾಲು, ಎಂದಿನಿಂದ ಎಂಬುದು ಅದರ ಸಾಲು. ಹಕ್ಕುದಾರರು ಇಬ್ಬರಿದ್ದರೆ ಎರಡು ಸಾಲು, ಹತ್ತು ಜನರಿದ್ದರೆ ಹತ್ತು.

ನಮ್ಮ ಜಿಲ್ಲೆಯಲ್ಲಿ ಆ ಸಾಲಿಗೆ ಇನ್ನೊಂದು ಕಲಂ ಕೂಡ ಬೇಕು: ಎಂಥ ಹಕ್ಕು? ಹಿಂದೆ ಒಂದೇ ಗದ್ದೆಯ ಮೇಲೆ ವರ್ಗದಾರನಿಗೆ ಒಂದು ಹಕ್ಕು, ಮೂಲಗೇಣಿಯವನಿಗೆ ಇನ್ನೊಂದು, ಚಾಲಗೇಣಿಗೆ ಉಳುವವನಿಗೆ ಮತ್ತೊಂದು. ೧೯೭೪ರ ಮಾರ್ಚ್ ೧ರಂದು ಭೂಸುಧಾರಣೆಯ ಕಾನೂನು ಗೇಣಿಯ ಭೂಮಿಯನ್ನು ಸರಕಾರಕ್ಕೆ ಸೇರಿಸಿ, ಡಿಕ್ಲರೇಶನ್ ಕೊಟ್ಟ ಒಕ್ಕಲಿಗೆ ಒಡೆತನದ ದಾರಿ ತೆರೆಯಿತು. ಕೋಷ್ಟಕದ ಭಾಷೆಯಲ್ಲಿ ಹೇಳುವುದಾದರೆ ‘ಎಂಥ ಹಕ್ಕು’ ಎಂಬ ಒಂದು ಕಲಂ ಬದಲಾಯಿತು. ಆ ಒಂದು ಕಲಂನಲ್ಲಿ ಎಷ್ಟು ಮನೆಗಳ ಹಣೆಬರಹ ಇತ್ತೆಂಬುದನ್ನು ಇಲ್ಲಿಯ ಹಿರಿಯರಿಗೆ ಹೇಳಬೇಕಾದ್ದಿಲ್ಲ. ಇನ್ನು ಕುಮ್ಕಿ. ಅದು ಸರಕಾರದ ಭೂಮಿ. ಅದರಿಂದ ಸೊಪ್ಪು ಸೌದೆ ತರುವ ಸೌಲಭ್ಯ ಪಕ್ಕದ ಕದೀಂ ವರ್ಗಕ್ಕೆ ಅಂಟಿಕೊಂಡದ್ದು. ಆದ್ದರಿಂದ ಕುಮ್ಕಿಯ ಗೆರೆಯನ್ನು ವ್ಯಕ್ತಿಯ ಚೌಕಕ್ಕೆ ಎಳೆಯದೆ ವರ್ಗದ ಚೌಕಕ್ಕೆ ಎಳೆಯಬೇಕು. ಗೆರೆ ತಪ್ಪು ಚೌಕಕ್ಕೆ ಹೋದರೆ, ಸರಕಾರದ ಗುಡ್ಡ ಯಾರದೋ ಸ್ವಂತ ಆಸ್ತಿಯಾಗಿ ಮೊಬೈಲಿನಲ್ಲಿ ಕಾಣಿಸಿಕೊಂಡೀತು.

ಇದು ಹಳ್ಳಿಯ ಸಂಘವೊಂದರ ಚಿಂತೆ ಮಾತ್ರವಲ್ಲ. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯ ‘ಭೂಮಿ’ ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅದುವರೆಗೆ ಅವು ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಯಲ್ಲಿದ್ದವು. ಅಷ್ಟು ದೊಡ್ಡ ಕೆಲಸದಲ್ಲಿ ಎದುರಾಗುವ ಪ್ರಶ್ನೆಗಳೂ ಜಗಲಿಯ ಮೇಲೆ ನಮಗೆದುರಾದವೇ: ಯಾರು, ಯಾವುದು, ಯಾವ ಸಂಬಂಧ, ಎಷ್ಟು ಪಾಲು. ಅಳತೆಯೂ ಹಾಗೆಯೇ. ಘಟ್ಟದ ಮೇಲೆ ಎಕರೆ, ಗುಂಟೆ. ನಮ್ಮಲ್ಲಿ ಎಕರೆ, ಸೆಂಟ್ಸು. ಎಕರೆಗೆ ೪೦ ಗುಂಟೆ, ೧೦೦ ಸೆಂಟ್ಸು. ‘೦-೨೦’ ಎಂದು ಬರೆದರೆ ಅಲ್ಲಿ ಅರ್ಧ ಎಕರೆ. ಇಲ್ಲಿ ಎಕರೆಯ ಐದರಲ್ಲೊಂದು ಭಾಗ. ಅಂಕಿಯ ಪಕ್ಕದಲ್ಲಿ ಮಾನವನ್ನು ಬರೆಯದ ಕೋಷ್ಟಕ ಅರ್ಧ ಸತ್ಯವನ್ನೇ ಹೇಳುತ್ತದೆ.

ಸಂಜೆಯ ವೇಳೆಗೆ ಹುಡುಗನಿಗೆ ಒಡೆಯುವುದರಲ್ಲಿ ರುಚಿ ಹತ್ತಿತು. ಅಡಿಕೆಯ ತರಗಳಿಗೂ ಒಂದು ಕೋಷ್ಟಕ ಮಾಡಿದ: ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು. ಪ್ರತಿಯೊಂದರ ಮುಂದೆ ದರ. “ಇನ್ನು ಚೀಟಿಯಲ್ಲಿ ದರ ಬರೆಯಬೇಕಾಗಿಲ್ಲ ಮಾವ. ಒಂದು ಸಂಗತಿ ಒಂದೇ ಕಡೆ!” ಎಂದ.

ನಾನು ತಡೆದೆ. ಇಂದು ಚಾಲಿಯ ದರವನ್ನು ತಿದ್ದಿದರೆ ಹೋದ ವರ್ಷದ ಚೀಟಿಗಳೆಲ್ಲ ಇಂದಿನ ದರದಲ್ಲಿ ಲೆಕ್ಕ ಹಾಕಿಕೊಳ್ಳುತ್ತವೆ. ಆಗಲೇ ಹಣ ಪಡೆದು ಮಗಳ ಮದುವೆ ಮುಗಿಸಿದವನು ಸಂಘಕ್ಕೆ ಬಾಕಿದಾರನಾಗಿ ನಿಲ್ಲುತ್ತಾನೆ. ಇಂದಿನ ದರ ಒಂದು ಸಂಗತಿ. ಆ ದಿನ ಆ ಚೀಟಿಗೆ ಕೊಟ್ಟ ದರ ಬೇರೆಯೇ ಸಂಗತಿ. ಎರಡೂ ಅಂಕಿಗಳು ಒಂದೇ ಆಗಿ ಕಂಡರೂ ಒಂದಲ್ಲ. ನಿಯಮವನ್ನು ಬಾಯಿಪಾಠ ಮಾಡಿದವನು ಇಲ್ಲಿ ಎಡವುತ್ತಾನೆ; ಚೀಟಿ ಹಿಡಿದು ಕಿಟಕಿಯ ಮುಂದೆ ನಿಂತವನನ್ನು ಕಣ್ಣಮುಂದೆ ತಂದುಕೊಂಡವನು ಎಡವುವುದಿಲ್ಲ.

ಕೊನೆಯದಾಗಿ ಒಂದು ಮಾತು ಹೇಳಿದೆ. ಇಲ್ಲದ ಗ್ರಾಮದ ನಂಬ್ರ, ಇಲ್ಲದ ಸದಸ್ಯನ ಚೀಟಿ ಬಂದರೆ ಬೇಡವೆನ್ನುವ ಅಧಿಕಾರವನ್ನು ಕೋಷ್ಟಕಕ್ಕೇ ಕೊಡು. ಇದಕ್ಕೆ ಫಾರಿನ್ ಕೀ ಎಂದು ಹೆಸರು. ಮೊಬೈಲಿನ ಪುಟ ಇಂದು ಒಂದು, ನಾಳೆ ಇನ್ನೊಂದು. ಬರೆಯುವ ಕೈಗಳು ನೂರಾರು. ಕಾವಲು ಪುಟದಲ್ಲಿ ಮಾತ್ರ ಇದ್ದರೆ ಹೊಸ ಪುಟ ಬಂದ ದಿನ ಕಾವಲು ತಪ್ಪುತ್ತದೆ. ಭಂಡಾರದ ಬಾಗಿಲಲ್ಲೇ ಇದ್ದರೆ ಯಾವ ದಾರಿಯಿಂದ ಬಂದವನೂ ಅದನ್ನು ದಾಟಿಯೇ ಒಳಗೆ ಹೋಗಬೇಕು.

ಮರುದಿನ ನಾನು ಹೊರಡುವಾಗ ಹುಡುಗ ಕ್ಯಾಲೆಂಡರಿನ ಹಾಳೆಯನ್ನು ತೋರಿಸಿದ. ಗ್ರಾಮ ಮತ್ತು ತಾಲ್ಲೂಕಿನ ನಡುವೆಯೂ ಈಗ ಒಂದು ಹೊಸ ಚೌಕವಿತ್ತು: ಗ್ರಾಮ, ತಾಲ್ಲೂಕು, ಎಂದಿನಿಂದ, ಎಂದಿನವರೆಗೆ.

“ಹಳೆಯ ಕ್ರಯಪತ್ರದಲ್ಲಿ ಸುಬ್ರಹ್ಮಣ್ಯ ಸುಳ್ಯ ತಾಲ್ಲೂಕೆಂದೇ ಇರುತ್ತದಲ್ಲ ಮಾವ? ಅದೂ ಸುಳ್ಳಲ್ಲ. ಆ ಕಾಲಕ್ಕೆ ಅದೇ ಸರಿ” ಎಂದ. ಆ ಚೌಕವನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವನೇ ಯೋಚಿಸಿ ಬರೆದದ್ದು.

ತಂಗಿ ಮಾತ್ರ ಅಂಗಳದಲ್ಲಿ ಅಡಿಕೆ ಮಗುಚುತ್ತ ತನ್ನ ಪ್ರಶ್ನೆಯನ್ನೇ ಕೇಳಿದಳು. “ಈಗ ನಾನುಂಟೋ ಅದರಲ್ಲಿ?”

“ಉಂಟಮ್ಮ. ನಿನ್ನದೇ ನಂಬ್ರದಲ್ಲಿ” ಎಂದ ಮಗ.